ಶೇಟರ ಲಾಗ್ ಪುಸ್ತಕಕ್ಕೆ ನಾನು ಕೂಡಿಸಿದ ಒಂದು ದಿನ

ಯಾವ ವರ್ಷ ನನಗೆ ಯಾವ ಕುರ್ಚಿ ಸಿಕ್ಕಿತು, ಕೊನೆಗೆ ಎಷ್ಟು ಜನ ನನ್ನ ಕೈಕೆಳಗಿದ್ದರು ಅನ್ನುವುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದು ಸರ್ವಿಸ್ ಪುಸ್ತಕದಲ್ಲಿದೆ, ಅದನ್ನು ಓದಿ ಯಾರೂ ಕೆಲಸ ಕಲಿಯುವುದಿಲ್ಲ. ಕಂಪ್ಯೂಟರ್ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಕಂಡಾಗ, "ಆವಾಗ ಹ್ಯಾಂಗ ಮಾಡ್ತಿದ್ರಿ ಆಯಿ, ಸ್ಕ್ರೀನ್ ಸೈತ ಇರಲಿಲ್ಲಂತಲ್ಲ?" ಎಂದು ಕೇಳುತ್ತಾರೆ. ಕೇಳುವ ದನಿಯಲ್ಲಿ ಸ್ವಲ್ಪ ಕನಿಕರ ಇರುತ್ತದೆ. ಆ ಕನಿಕರ ನನಗೆ ಬೇಡ. ನಾವು ಮಾಡಿದ ಕೆಲಸ ನೆನೆದರೆ ಇವತ್ತಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಮಾಡಿದ ತಪ್ಪು ನೆನೆದರೂ ನೆಟ್ಟಗಾಗುತ್ತದೆ, ಅದಕ್ಕೆ ಕಾರಣ ಬೇರೆ. ಅದನ್ನೇ ಹೇಳಲು ಕೂತಿದ್ದೇನೆ.

ಸೊಲ್ಲಾಪುರದ ಒಂದು ಬಟ್ಟೆ ಗಿರಣಿಯಲ್ಲಿ ನಾನು ಪಂಚ್ ಆಪರೇಟರ್ ಆಗಿ ಸೇರಿದಾಗ ಎಪ್ಪತ್ತರ ದಶಕ ಆಗಷ್ಟೇ ಕಣ್ಣುಬಿಟ್ಟಿತ್ತು. ಕುಂಭಾರಿಯಿಂದ ದಿನಾ ಎಸ್.ಟಿ. ಬಸ್ಸು. ನಮ್ಮ ಮನೆಯವರು ಜೋಳ, ತೊಗರಿ ಬೆಳೆಯುವ ಮಂದಿ. ಮಗಳು ಸೊಲ್ಲಾಪುರದಲ್ಲಿ ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಅಪ್ಪ, "ಕಾಗದಕ್ಕ ತೂತ ಹಾಕ್ತಾಳ, ಅದಕ್ಕ ಪಗಾರ ಕೊಡ್ತಾರ" ಎಂದು ನಗುತ್ತಿದ್ದ. ಅವನು ಹೇಳಿದ್ದು ಅಕ್ಷರಶಃ ನಿಜ. ಕಾರ್ಡ್ ಅಂದರೆ ಅಂಗೈಗಿಂತ ಉದ್ದನೆಯ ಗಟ್ಟಿ ಕಾಗದ, ಅದರಲ್ಲಿ ಎಂಬತ್ತು ಮನೆಗಳು, ಒಂದೊಂದು ಮನೆಗೆ ಒಂದು ಅಂಕಿ ಅಥವಾ ಅಕ್ಷರ. ನಾವು ಕೀಲಿ ಒತ್ತಿದರೆ ಯಂತ್ರ ತೂತು ಕೊರೆಯುತ್ತಿತ್ತು. ಒಬ್ಬಳು ಕುಟ್ಟಿದ್ದನ್ನು ಇನ್ನೊಬ್ಬಳು ಮತ್ತೆ ಅದೇ ಕಾಗದ ನೋಡಿ ಕುಟ್ಟಿ ತಾಳೆ ನೋಡಬೇಕು. ಎರಡೂ ಒಂದೇ ಆದರೆ ಮಾತ್ರ ಆ ಕಾರ್ಡು ಒಳಗಿನ ತಂಪು ಕೋಣೆಗೆ, ಅಂದರೆ ಕಂಪ್ಯೂಟರಿನ ಬಾಯಿಗೆ ಹೋಗುತ್ತಿತ್ತು.

ಸೇರಿದ ಎರಡನೆಯ ವಾರ ನಾನು ಕಾರ್ಡಿನ ಒಂದು ಇಡೀ ತಟ್ಟೆಯನ್ನು ಮೆಟ್ಟಿಲ ಮೇಲೆ ಬೀಳಿಸಿದೆ. ಎರಡು ಖಾತೆಯ ಕೆಲಸಗಾರರ ಹಜೇರಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಅದನ್ನು ಆ ದಿನ ಕಣ್ಣಾರೆ ಕಂಡೆ. ಸಂಜೆಯವರೆಗೆ ನೆಲದ ಮೇಲೆ ಕೂತು ಒಂದೊಂದೇ ಕಾರ್ಡು ಆರಿಸಿದೆ, ಯಾರೂ ಸಹಾಯಕ್ಕೆ ಬರಲಿಲ್ಲ. ಬರಬಾರದೆಂದು ನಮ್ಮ ವಿಭಾಗದ ಮುಖ್ಯಸ್ಥ ಕುಲಕರ್ಣಿ ಸಾಹೇಬರ ಅಪ್ಪಣೆಯಾಗಿತ್ತು. ಆರಿಸಿ ಮುಗಿದ ಮೇಲೆ ಅವರು ಬಂದು, ಜೋಡಿಸಿದ ಗಡ್ಡಿಯ ನೆತ್ತಿಯ ಮೇಲೆ ಪೆನ್ಸಿಲ್ಲಿನಿಂದ ಈ ಮೂಲೆಯಿಂದ ಆ ಮೂಲೆಗೆ ಓರೆಯಾಗಿ ಒಂದು ಗೆರೆ ಎಳೆದರು. ಇನ್ನು ಬಿದ್ದರೂ ಗೆರೆ ಕೂಡಿಸಿದರೆ ಸಾಕು, ಕಾರ್ಡು ತಮ್ಮ ಜಾಗಕ್ಕೆ ಬರುತ್ತವೆ. "ಇದನ್ನ ಮದಲಽ ಹೇಳಬಹುದಿತ್ತಲ್ರಿ ಸಾಹೇಬ್ರ" ಎಂದೆ. "ಮದಲ ಹೇಳಿದ್ರ ನೀ ಮರೀತಿದ್ದಿ" ಎಂದರು.

ಈ ಕುಲಕರ್ಣಿ ಸಾಹೇಬರು ಮನೆಯಲ್ಲಿ ಮರಾಠಿ, ನಮ್ಮೊಡನೆ ಅರ್ಧ ಕನ್ನಡ ಅರ್ಧ ಮರಾಠಿ ಮಾತಾಡುವವರು. ಹೊಗಳಿಕೆ ಅನ್ನುವುದನ್ನು ಅವರು ಮನೆಯ ಬೀರುವಿನಲ್ಲಿ ಬೀಗ ಹಾಕಿಟ್ಟು ಬರುತ್ತಿದ್ದರೆಂದು ಕಾಣುತ್ತದೆ. ಅವರು ಮೊದಲ ದಿನ ಕಲಿಸಿದ ಕಟ್ಟಳೆ ಒಂದೇ: "ಕಾಗದದಾಗ ಏನದನೋ ಅದನ್ನಽ ಕುಟ್ಟು. ತುಝಾ ಶಹಾಣಪಣಾ ಮನೀಗೆ ಬಿಟ್ಟು ಬಾ." ಕಾಗದದಲ್ಲಿ ತಪ್ಪಿದ್ದರೆ ಬರೆದವರ ಹತ್ತಿರ ಹೋಗಿ ಕೇಳಬೇಕೇ ಹೊರತು ನಮ್ಮ ಜಾಣತನದಿಂದ ತಿದ್ದಬಾರದು. ಈ ಕಟ್ಟಳೆ ನನಗೆ ಆಗ ಬಹಳ ಸಣ್ಣ ವಿಷಯ ಅನ್ನಿಸಿತ್ತು.

ಗಿರಣಿಯ ಹತ್ತಿಯ ಎಳೆ ಗಾಳಿಯಲ್ಲಿ ಹಾರಿ ಬಂದು ಕಾರ್ಡು ಓದುವ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತಿತ್ತು, ನಾವು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆಯುತ್ತಿದ್ದೆವು. ಬೇಸಗೆಯಲ್ಲಿ ತಂಪು ಕೋಣೆಯ ಬಾಗಿಲ ಹತ್ತಿರ ಕೆಲಸಗಾರರ ಮೇಸ್ತ್ರಿಗಳಾದ ಜಾಬರುಗಳು ಏನಾದರೂ ನೆಪ ಮಾಡಿಕೊಂಡು ಬಂದು ನಿಲ್ಲುತ್ತಿದ್ದರು. ಇಂಥ ದಿನಗಳ ನಡುವೆ ನಾನು ಮಧ್ಯಾಹ್ನದ ಬಿಡುವಿನಲ್ಲಿ ಪ್ರೋಗ್ರಾಮ್ ಬರೆಯುವುದನ್ನು ಕಲಿತೆ. ಕಲಿಸಿದವರು ಯಾರೂ ಇಲ್ಲ. ಎಣ್ಣೆಯ ಕಲೆ ಬಿದ್ದ ಒಂದು ಇಂಗ್ಲಿಷ್ ಕೈಪಿಡಿ, ಸಾಹೇಬರು ಬಿಸಾಕಿದ ಹಳೆಯ ಪ್ರೋಗ್ರಾಮಿನ ಕಾರ್ಡುಗಳು, ಮತ್ತು ನನ್ನ ಹಟ.

ನನ್ನ ಹಟಕ್ಕೆ ಮೊದಲ ಫಲ ಸಿಕ್ಕಿದ್ದು ಮೂರನೆಯ ಪಾಳಿಯ ವಿಷಯದಲ್ಲಿ. ಆ ಪಾಳಿ ಶುರುವಾಗುವುದು ನಡುರಾತ್ರಿ ಹನ್ನೆರಡಕ್ಕೆ, ಅಂದರೆ ಲೆಕ್ಕದಲ್ಲಿ ಮರುದಿನ. ಆದರೆ ಗೇಟಿನ ಗುಮಾಸ್ತ ಹತ್ತು ಗಂಟೆಗೇ ಬಂದು ಕೂರುವವನು, ಅವನು ಹಾಳೆಯ ಮೇಲೆ ಹಿಂದಿನ ದಿನದ ತಾರೀಖನ್ನೇ ಬರೆದುಬಿಡುತ್ತಿದ್ದ. ಒಬ್ಬನೇ ಕೆಲಸಗಾರ ಶನಿವಾರ ಎರಡು ಸಲ ಬಂದಂತೆ, ರವಿವಾರ ಬಾರದಂತೆ ಯಂತ್ರ ಛಾಪಿಸುತ್ತಿತ್ತು. ಜಗಳ ದಿನಾ ಇದ್ದದ್ದೇ. ನಾನು ಏಳೆಂಟು ಸಾಲಿನ ಒಂದು ತುಣುಕು ಬರೆದೆ: ಪಾಳಿ ಮೂರಾಗಿದ್ದರೆ ತಾರೀಖಿಗೆ ಒಂದು ದಿನ ಕೂಡಿಸು. ಗುಮಾಸ್ತನಿಗೂ ಹೇಳಿ, ಸಾಹೇಬರಿಗೂ ತೋರಿಸಿ ಹಾಕಿದ್ದು. ಆ ತಿಂಗಳು ಜಗಳ ನಿಂತುಹೋಯಿತು. ಸಾಹೇಬರು "ಬರೋಬರಿ ಅದ" ಎಂದರು. ಅವರ ಬಾಯಲ್ಲಿ ಅದು ಹೂವಿನ ಹಾರಕ್ಕೆ ಸಮ. ಆ ಏಳೆಂಟು ಕಾರ್ಡುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ನನ್ನ ಮೇಜಿನಲ್ಲೇ ಇಟ್ಟುಕೊಂಡೆ, ಮತ್ತೆಲ್ಲಾದರೂ ಬೇಕಾದೀತೆಂದು.

ಮಲ್ಲಿನಾಥ ಶೇಟರು ನಮ್ಮ ಕೋಣೆಗೆ ಬಂದದ್ದು ಇದಾದ ಮೇಲೆ. ಅಕ್ಕಲಕೋಟದ ಪೇಟೆಯಲ್ಲಿ ಅವರದು ಮೋಟಾರ್ ಪಂಪು, ತಂತಿ, ಸ್ವಿಚ್ಚುಗಳ ಅಂಗಡಿ. ಗಿರಣಿಗೆ ಮೋಟಾರಿನ ಬಿಡಿಭಾಗ ಕೊಡಲು ಬಂದವರು, ತಂಪು ಕೋಣೆಯ ಗಾಜಿನಿಂದ ಯಂತ್ರವನ್ನು ನೋಡುತ್ತ ಅರ್ಧ ತಾಸು ನಿಂತರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಏನವ್ವಾ, ಈ ಯಂತ್ರಾ ಬರೇ ಗಿರಣಿ ಕೆಲಸ ಮಾಡ್ತದೋ, ನಮ್ಮಂಥಾವ್ರ ಕೆಲಸಾನೂ ಮಾಡ್ತದೋ?"

"ನಿಮ್ದೇನ್ ಕೆಲಸ ಅದ ಕಾಕಾ?"

"ನಾ ಜಗತ್ತಿನ ಮಂದಿ ಕೂಡ ಮಾತಾಡ್ತೀನಿ. ಅದನ್ನ ಬರದಿಡಬೇಕು."

ಮೊದಲು ನನಗೆ ಇವರ ತಲೆ ನೆಟ್ಟಗಿಲ್ಲ ಅನ್ನಿಸಿತು. ಆಮೇಲೆ ತಿಳಿಯಿತು. ಶೇಟರು ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊ ಮನುಷ್ಯ. ಅಂಗಡಿಯ ಮಾಳಿಗೆಯ ಮೇಲೆ ಕೈಯಾರೆ ಜೋಡಿಸಿದ ಯಂತ್ರ, ಮೇಲೆ ಎರಡು ಬೊಂಬುಗಳ ನಡುವೆ ಎಳೆದ ತಂತಿ. ಮೋರ್ಸ್ ಕೀಲಿ ಬಡಿದು ಜಪಾನು, ರಶಿಯಾ, ಬ್ರಾಜಿಲಿನ ತಮ್ಮಂಥವರನ್ನೇ ಕರೆಯುವುದು, ಅವರು ಓಗೊಟ್ಟರೆ ಒಬ್ಬರಿಗೊಬ್ಬರ ಬಡಿತ ಎಷ್ಟು ಚೆನ್ನಾಗಿ ಕೇಳಿಸಿತೆಂದು ಹೇಳಿಕೊಳ್ಳುವುದು. ಹಾಗೆ ಭೇಟಿಯಾದ ಒಬ್ಬೊಬ್ಬರದ್ದೂ ತಾರೀಖು, ವೇಳೆ, ಅವರನ್ನು ಗುರುತಿಸುವ ಅಕ್ಷರ ಅಂಕಿಗಳ ಕಾಲ್‌ಸೈನ್ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆಯಬೇಕೆಂದು ಸರಕಾರದ ನಿಯಮ. ಅದಕ್ಕೆ ಲಾಗ್ ಅನ್ನುತ್ತಾರೆ. ವೇಳೆ ಮಾತ್ರ ನಮ್ಮದಲ್ಲ, ಜಗತ್ತಿಗೆಲ್ಲ ಒಂದೇ ಆದ ಗ್ರೀನಿಚ್ ವೇಳೆ, ನಮ್ಮದಕ್ಕಿಂತ ಐದೂವರೆ ತಾಸು ಹಿಂದಿನದು. ಆಮೇಲೆ ಎರಡೂ ಕಡೆಯವರು ಅಂಚೆಯಲ್ಲಿ ಒಂದೊಂದು ಖಾತ್ರಿ ಕಾರ್ಡು ಕಳಿಸಿಕೊಳ್ಳುತ್ತಾರೆ: ಇಂಥ ದಿನ, ಇಂಥ ವೇಳೆಗೆ ನಿಮ್ಮೊಡನೆ ಮಾತಾಡಿದ್ದು ನಿಜ ಎಂದು. ಶೇಟರ ಲಾಗ್ ಪುಸ್ತಕಗಳು ಹನ್ನೊಂದಾಗಿದ್ದವು. ಒಬ್ಬ ಓಗೊಟ್ಟರೆ ಅವನು ಮೊದಲೇ ಗೊತ್ತಿದ್ದವನೋ ಹೊಸಬನೋ ಎಂದು ಹುಡುಕಲು ಹನ್ನೊಂದನ್ನೂ ತಿರುವಬೇಕು. ಅಷ್ಟರಲ್ಲಿ ಆ ಮನುಷ್ಯ ಬೇಸತ್ತು ಬೇರೆಯವರನ್ನು ಕರೆಯುತ್ತಿದ್ದ.

ನಾನು ಸಾಹೇಬರನ್ನು ಕೇಳಿದೆ. ಅವರು ಒಪ್ಪುತ್ತಾರೆಂದು ನನಗೆ ನಂಬಿಕೆಯೇ ಇರಲಿಲ್ಲ. ಆದರೆ ಅವರು ಪುಸ್ತಕ ತಿರುವಿ, ಅಕ್ಷರ ಅಂಕಿ ಕಲಸಿಹೋದ ಆ ಕಾಲ್‌ಸೈನುಗಳನ್ನು ನೋಡಿ ಕಣ್ಣರಳಿಸಿದರು. "ಹೊಸಾ ಪೋರಿಗೋಳಿಗೆ ಪ್ರಾಕ್ಟೀಸಿಗೆ ಇದಕ್ಕಿಂತಾ ಚಲೋ ಏನದ? ಶನಿವಾರ ಮಧ್ಯಾಹ್ನ ಯಂತ್ರ ಖಾಲಿ ಇರ್ತದ. ಪ್ರೋಗ್ರಾಮ್ ನೀನಽ ಬರೀ." ಮಾಲೀಕರ ಕಡೆಯಿಂದ ಒಂದು ಚೀಟಿಯ ಮೇಲೆ ಒಪ್ಪಿಗೆಯನ್ನೂ ತಂದರು.

ಮೊದಲಿನಿಂದ ಕೊನೆಯವರೆಗೆ ನಾನೇ ಬರೆದ ಮೊದಲ ಪ್ರೋಗ್ರಾಮ್ ಅದು. ಒಂದು ಭೇಟಿಗೆ ಒಂದು ಕಾರ್ಡು. ಖಾತ್ರಿ ಕಾರ್ಡು ಬಂದಿದ್ದರೆ ಕೊನೆಯ ಮನೆಯಲ್ಲಿ ಒಂದು ಗುರುತು. ವಿಂಗಡಿಸುವ ಯಂತ್ರದಲ್ಲಿ ಹಾಕಿದರೆ ಕಾಲ್‌ಸೈನಿನ ಕ್ರಮಕ್ಕೆ ಒಂದು ಪಟ್ಟಿ, ತಾರೀಖಿನ ಕ್ರಮಕ್ಕೆ ಒಂದು, ದೇಶದ ಕ್ರಮಕ್ಕೆ ಒಂದು. ಛಾಪಿಸಿದ ಉದ್ದನೆಯ ಹಾಳೆಯನ್ನು ಶೇಟರು ಅಂಗಡಿಯ ಕಟ್ಟೆಯಿಂದ ಬೀದಿಯವರೆಗೆ ಹಾಸಿ ಬಂದವರಿಗೆಲ್ಲ ತೋರಿಸಿದರಂತೆ. ಒಂದು ರವಿವಾರ ಅವರ ಮನೆಗೆ ಊಟಕ್ಕೆ ಹೋಗಿದ್ದಾಗ ಅವರ ಹೆಂಡತಿ ಗಂಗಾಕಾಕು ಹೇಳಿದರು, "ಇಡೀ ಜಗತ್ತಿನ ಮಂದಿ ಮಾತ ಕೇಳ್ತಾವ ಇವರಿಗೆ. ಮನ್ಯಾಗ ಬೆಲ್ಲಾ ಮುಗದಾದ ಅಂದ್ರ ಕೇಳಸಂಗಿಲ್ಲ ನೋಡ್." ಶೇಟರು ಕೇಳಿಸದವರ ಹಾಗೆ ಊಟ ಮಾಡಿದರು. ನನಗೆ ಆ ದಿನ ಹೊಟ್ಟೆಗಿಂತ ಎದೆ ತುಂಬಿತ್ತು. ನಮ್ಮ ಯಂತ್ರ ಅದುವರೆಗೆ ನೂಲು, ಪಾಳಿ, ಹಜೇರಿ ಬಿಟ್ಟು ಬೇರೇನನ್ನೂ ಕಂಡಿರಲಿಲ್ಲ. ಅದಕ್ಕೆ ಬ್ರಾಜಿಲ್ ತೋರಿಸಿದವಳು ಕುಂಭಾರಿಯ ಹುಡುಗಿ.

ಇನ್ನು ನನ್ನ ತಪ್ಪಿನ ವಿಷಯ.

ಪುಸ್ತಕ ಕುಟ್ಟುವಾಗ ನನಗೊಂದು ವಿಚಿತ್ರ ಕಂಡಿತ್ತು. ಶೇಟರು ದಿನಾ ಕೂರುತ್ತಿದ್ದದ್ದು ಮುಂಜಾನೆ ನಾಲ್ಕೂವರೆಯಿಂದ ಐದೂವರೆಯವರೆಗೆ. ಸೋಮವಾರ ಮುಂಜಾನೆ ಮಾತಾಡಿದೆನೆಂದು ಅವರೇ ಹೇಳಿದ ಭೇಟಿಯೂ ಪುಸ್ತಕದಲ್ಲಿ ರವಿವಾರದ ತಾರೀಖಿನ ಕೆಳಗೇ ಇರುತ್ತಿತ್ತು. ನನಗೆ ತಕ್ಷಣ ಗೇಟಿನ ಗುಮಾಸ್ತ ನೆನಪಾದ. ಓಹೋ, ಇವರೂ ಅದೇ ಜಾತಿಯವರು, ನಡುರಾತ್ರಿ ದಾಟಿದರೂ ತಾರೀಖು ಬದಲಿಸದವರು ಎಂದುಕೊಂಡೆ. ಮೇಜಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಆ ಕಾರ್ಡುಗಳನ್ನು ತೆಗೆದೆ, ಸ್ವಲ್ಪ ತಿದ್ದಿದೆ, ಲಾಗಿನ ಪ್ರೋಗ್ರಾಮಿನಲ್ಲಿ ಸೇರಿಸಿದೆ: ನಮ್ಮ ನಡುರಾತ್ರಿಯಿಂದ ಐದೂವರೆಯೊಳಗಿನ ಭೇಟಿಯಾದರೆ ಒಂದು ದಿನ ಕೂಡಿಸು. ಶೇಟರನ್ನು ಒಂದು ಮಾತು ಕೇಳಲಿಲ್ಲ. ಸಾಹೇಬರಿಗೂ ಹೇಳಲಿಲ್ಲ. ತಪ್ಪು ಹಿಡಿದೆನೆಂಬ ಸೊಕ್ಕು, ಮತ್ತೇನು?

ಹನ್ನೊಂದು ಪುಸ್ತಕ ಮುಗಿದ ಮೇಲೂ ಪ್ರತಿ ತಿಂಗಳ ಹೊಸ ಭೇಟಿಗಳನ್ನು ಕುಟ್ಟಿ ಶೇಟರಿಗೆ ಹಾಳೆ ಛಾಪಿಸಿಕೊಡುತ್ತಿದ್ದೆವು. ಅದಾಗಿ ಆರು ತಿಂಗಳಿಗೆ ಅಕ್ಕಲಕೋಟಕ್ಕೆ ವೈರ್‌ಲೆಸ್ ಖಾತೆಯ ನೋಟಿಸು ಬಂತು. ಒಂದು ಮಂಗಳವಾರ ಮುಂಜಾನೆ ಪೌಣೇ ಐದಕ್ಕೆ, ಅಂದರೆ ಐದಕ್ಕೆ ಕಾಲು ತಾಸು ಇರುವಾಗ, ಹವ್ಯಾಸಿಗಳಿಗೆ ಕೊಟ್ಟ ರೇಡಿಯೊ ತರಂಗಗಳ ಜಾಗ ಬಿಟ್ಟು ಹೊರಗೆ ಯಾರೋ ಮೋರ್ಸ್ ಬಡಿದು ಸರಕಾರಿ ಸಂದೇಶಕ್ಕೆ ಅಡ್ಡ ಬಂದಿದ್ದಾರೆ, ಕಾಲ್‌ಸೈನ್ ಅರ್ಧ ಕೇಳಿಸಿದೆ, ಅದು ನಿಮ್ಮದನ್ನು ಹೋಲುತ್ತದೆ, ಆ ತಿಂಗಳ ಲಾಗಿನ ಪ್ರತಿ ಕಳಿಸಿ ಎಂದು. ತುರ್ತು ಪರಿಸ್ಥಿತಿಯ ದಿನಗಳವು. ರೇಡಿಯೊದಿಂದ ಕಳ್ಳ ಸುದ್ದಿ ಕಳಿಸುತ್ತಾನೆ ಎಂದು ಒಬ್ಬರು ಪಿಸುಗುಟ್ಟಿದರೂ ಸಾಕಿತ್ತು. ಶೇಟರಿಗೆ ಮಾತ್ರ ಅಂಜಿಕೆ ಇರಲಿಲ್ಲ. ಆ ಮಂಗಳವಾರ ಅವರು ನಾಗಣಸೂರದಲ್ಲಿ ಬೀಗರ ಮನೆಯಲ್ಲಿದ್ದರು, ಯಂತ್ರ ಮುಟ್ಟಿಯೇ ಇರಲಿಲ್ಲ. ನಾವು ಛಾಪಿಸಿಕೊಟ್ಟ ಹಾಳೆಯನ್ನೇ, ಕೆಳಗೆ ಸಹಿ ಹಾಕಿ, ದೊಡ್ಡ ಅಭಿಮಾನದಿಂದ ಕಳಿಸಿಕೊಟ್ಟರು.

ಹದಿನೈದು ದಿನಕ್ಕೆ ಒಬ್ಬ ಅಧಿಕಾರಿ ಬಂದು ಶೇಟರ ಯಂತ್ರಕ್ಕೆ ದಾರ ಸುತ್ತಿ ಅರಗಿನ ಮುದ್ರೆ ಹೊಡೆದು ಹೋದರು. ನೀವೇ ಸಹಿ ಹಾಕಿದ ಲಾಗಿನಲ್ಲಿ ಆ ಮಂಗಳವಾರ ಮುಂಜಾನೆ ಪೌಣೇ ಐದಕ್ಕೆ ನೀವು ಮಾತಾಡಿದ್ದು ಸ್ಪಷ್ಟವಾಗಿದೆ, ವಿಚಾರಣೆಗೆ ಮತ್ತೆ ಬರುತ್ತೇನೆ, ಉತ್ತರ ಸರಿ ಇಲ್ಲದಿದ್ದರೆ ಲೈಸೆನ್ಸು ರದ್ದು, ಯಂತ್ರ ಜಪ್ತಿ ಎಂದು ಕಾಗದ ಕೊಟ್ಟರು.

ಶೇಟರು ಬಸ್ಸು ಹಿಡಿದು ನೇರ ನಮ್ಮ ಕೋಣೆಗೆ ಬಂದರು. ಟೋಪಿ ಕೈಯಲ್ಲಿತ್ತು. ಅವರನ್ನು ಬರಿದಲೆಯಲ್ಲಿ ನಾನು ಕಂಡದ್ದು ಅದೇ ಮೊದಲು. "ನಾ ಮಾತಾಡಿದ್ದು ಸೋಮವಾರ ಮುಂಜಾನಿ. ಮಂಗಳವಾರ ಹೆಂಗ ಆತವ್ವಾ ಅದು? ನನ್ನ ವಹಿ ನೋಡು."

ಅವರು ಕೈಯಾರೆ ಬರೆದ ಲಾಗ್ ಪುಸ್ತಕ, ಆ ವಹಿ ನೋಡಿದೆ. ರವಿವಾರದ ತಾರೀಖು, ಗ್ರೀನಿಚ್ ವೇಳೆ ರಾತ್ರಿ ಹನ್ನೊಂದೂ ಕಾಲು. ಛಾಪಿಸಿದ ಹಾಳೆ ನೋಡಿದೆ. ಸೋಮವಾರದ ತಾರೀಖು, ರಾತ್ರಿ ಹನ್ನೊಂದೂ ಕಾಲು. ಗ್ರೀನಿಚ್ಚಿನ ಸೋಮವಾರ ರಾತ್ರಿ ಹನ್ನೊಂದೂ ಕಾಲು ಅಂದರೆ ನಮ್ಮಲ್ಲಿ ಮಂಗಳವಾರ ಮುಂಜಾನೆ ಪೌಣೇ ಐದು. ಶೇಟರು ಸೋಮವಾರ ಮುಂಜಾನೆ ಮಾತಾಡುವಾಗ ಗ್ರೀನಿಚ್ಚಿನಲ್ಲಿ ಇನ್ನೂ ರವಿವಾರವೇ. ಅವರ ವಹಿ ಸರಿ ಇತ್ತು. ವೇಳೆ ಗ್ರೀನಿಚ್ಚಿನದನ್ನೇ ಇಟ್ಟು ತಾರೀಖನ್ನು ಮಾತ್ರ ನಮ್ಮದಕ್ಕೆ ಬದಲಿಸಿದವಳು ನಾನು.

"ಕಾಕಾ, ನೀವು ತಾರೀಖ ಗ್ರೀನಿಚ್ ಲೆಕ್ಕದಾಗ ಬರೀತಿದ್ರೇನು?"

"ಗ್ರೀನಿಚ್ಚೂ ಇಲ್ಲ ಗೀನಿಚ್ಚೂ ಇಲ್ಲ. ಸೂರ್ಯಾ ಹುಟ್ಟೂತನಕಾ ದಿನಾ ಹ್ಯಾಂಗ ಬದಲಾಗ್ತದ? ನಮ್ಮ ಮನ್ಯಾಗ ಜಳಕಾ, ಪೂಜಿ ಆಗಿ, ಸೂರ್ಯಾಗ ನೀರ ಬಿಟ್ಟ ಮ್ಯಾಲ ಹೊಸಾ ತಾರೀಖ ಬರೀತೀವಿ. ನಮ್ಮಪ್ಪಾನೂ ಹಂಗಽ, ನಮ್ಮಜ್ಜಾನೂ ಹಂಗಽ. ಪಂಚಾಂಗಾನೂ ಅದನ್ನಽ ಹೇಳ್ತದ."

ಗ್ರೀನಿಚ್ಚಿನ ದಿನ ಬದಲಾಗುವುದು ನಮ್ಮ ಐದೂವರೆಗೆ. ಶೇಟರು ಯಂತ್ರ ಆರಿಸಿ ಜಳಕಕ್ಕೆ ಏಳುತ್ತಿದ್ದದ್ದೂ ಐದೂವರೆಗೆ. ಅಕ್ಕಲಕೋಟದ ಒಂದು ಮನೆಯ ಪೂಜೆಯ ಪದ್ಧತಿ ಆ ಪುಸ್ತಕವನ್ನು ವರ್ಷಗಟ್ಟಲೆ ಸರಿಯಾಗಿ ಇಟ್ಟಿತ್ತು. ಗಿರಣಿಯ ಪಾಳಿಯ ಲೆಕ್ಕ ಕಲಿತ ನನ್ನ ಶಾಣ್ಯಾತನ ಅದನ್ನು ಒಂದೇ ಮಧ್ಯಾಹ್ನದಲ್ಲಿ ಕೆಡಿಸಿತ್ತು.

"ತಪ್ಪ ನಂದು ಕಾಕಾ" ಎಂದೆ. ಅವರು ಕುರ್ಚಿಯ ಮೇಲೆ ಕೂತು ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡರು. ಬೈದಿದ್ದರೆ ಒಳ್ಳೆಯದಿತ್ತು. "ಆ ಯಂತ್ರಾ ಹೋದ್ರ ನಾ ಮುಂಜಾನಿ ಎದ್ದು ಏನ್ ಮಾಡ್ಲಿ?" ಎಂದಷ್ಟೇ ಕೇಳಿದರು.

ಸಾಹೇಬರಿಗೆ ಹೇಳಲು ಹೋದಾಗ ನನ್ನ ಕೆಲಸವೂ ಹೋಗಬಹುದೆಂದು ಗೊತ್ತಿತ್ತು. ಅವರು ಪೂರ್ತಿ ಕೇಳಿದರು. ತಾರೀಖಿನ ತಪ್ಪಿಗೆ ಅವರು ಸಿಟ್ಟಾಗಲಿಲ್ಲ. "ತಪ್ಪ ಎಲ್ಲಾರೂ ಮಾಡ್ತಾರ. ಗುಮಾಸ್ತನ್ನ ಕೇಳಿ ಮಾಡಿದ್ದಿ, ಬರೋಬರಿ ಆತು. ಶೇಟರ್ನ ಯಾಕ ಕೇಳಲಿಲ್ಲ? ಅವರ ವಹಿ, ಅವರ ದಿನಾ. ನೀ ಯಾರು ಬದಲ್ ಮಾಡಾಕಿ?" ಇಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು. ಆಮೇಲೆ ಅವರು, "ಅಧಿಕಾರಿಗೆ ಬಾಯಿಂದ ಹೇಳಿದ್ರ ಆಗಂಗಿಲ್ಲ. ಪುರಾವೆ ಏನ್ ಕೊಡ್ತಿ?" ಎಂದರು.

ಪುರಾವೆ ನಮ್ಮ ಕಾರ್ಡುಗಳಲ್ಲೇ ಇತ್ತು. ಆ ಸೋಮವಾರ ಮಾತಾಡಿದವನ ಖಾತ್ರಿ ಕಾರ್ಡು ಇನ್ನೂ ಬಂದಿರಲಿಲ್ಲ, ಅಂಚೆಗೆ ತಿಂಗಳುಗಳು ಬೇಕು. ಆದರೆ ಅದಕ್ಕೆ ಮೊದಲು ಮುಂಜಾನೆ ಮಾತಾಡಿದ ಬೇರೆಯವರ ಕಾರ್ಡು ಬಂದಿದ್ದವಲ್ಲ? ವಿದೇಶದ ಆ ಮಂದಿ ತಮ್ಮ ತಮ್ಮ ಲಾಗ್ ನೋಡಿ ಬರೆದ ತಾರೀಖು. ಅವರಿಗೆ ಶೇಟರ ಪೂಜೆಯೂ ಗೊತ್ತಿಲ್ಲ, ನನ್ನ ಪ್ರೋಗ್ರಾಮೂ ಗೊತ್ತಿಲ್ಲ. ಕೊನೆಯ ಮನೆಯ ಗುರುತು ಹಿಡಿದು, ವೇಳೆ ಹಿಡಿದು ವಿಂಗಡಿಸುವ ಯಂತ್ರದಲ್ಲಿ ಹಾಕಿದೆ. ಹನ್ನೊಂದು ಪುಸ್ತಕದಿಂದ ಬೇಕಾದ ಭೇಟಿಗಳನ್ನು ಆರಿಸಲು ಅದಕ್ಕೆ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಕೆಡಿಸಿದ್ದು ಯಂತ್ರವಲ್ಲ ಎಂದು ನನಗೆ ಆ ಕ್ಷಣ ಖಂಡಿತವಾಯಿತು. ಮೂವತ್ತೆಂಟು ಭೇಟಿಗಳು ಬಂದವು. ಶೇಟರ ಟ್ರಂಕಿನಿಂದ ಆ ಮೂವತ್ತೆಂಟು ಖಾತ್ರಿ ಕಾರ್ಡು ತಂದು ಒಂದೊಂದಾಗಿ ತಾಳೆ ನೋಡಿದೆವು. ಮೂವತ್ತೇಳು ಶೇಟರ ವಹಿಗೆ ಸರಿಹೋದವು, ಛಾಪಿಸಿದ ಹಾಳೆಗೆ ಒಂದು ದಿನ ತಪ್ಪಿದವು.

ಒಂದು ಮಾತ್ರ ವಹಿಗೂ ಸರಿಹೋಗಲಿಲ್ಲ, ಹಾಳೆಗೂ ಸರಿಹೋಗಲಿಲ್ಲ. ಜಪಾನಿನ ಒಬ್ಬರದು. ಶೇಟರ ಮುಖ ಸಣ್ಣದಾಯಿತು. "ಆ ಒಂದ ಕಾರ್ಡ್ ತಗದ ಇಡೂಣಲ್ಲಾ? ಮೂವತ್ತೇಳ ಸಾಕಲ್ಲ?" ಎಂದರು.

ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತ್ತು. ಆದರೆ ಮತ್ತೊಮ್ಮೆ ತೋಚಿದ ಹಾಗೆ ಮಾಡುವ ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ. "ಬ್ಯಾಡ ಕಾಕಾ. ಇದು ಯಾಕ ಹಿಂಗ ಆತು ಅಂತ ತಿಳೀಲಿ" ಎಂದು ವೇಳೆ ನೋಡಿದೆ. ನಮ್ಮ ಐದೂ ನಲವತ್ತು. "ಅವತ್ತ ಜಳಕಕ್ಕ ತಡಾ ಮಾಡಿದ್ರೇನು?" ಎಂದು ಕೇಳಿದೆ. ಶೇಟರು ಹಣೆ ಚಚ್ಚಿಕೊಂಡರು. ಐದೂವರೆ ದಾಟಿದೆ, ಗ್ರೀನಿಚ್ಚಿನಲ್ಲಿ ಹೊಸ ದಿನ ಬಂದಿದೆ, ಅಕ್ಕಲಕೋಟದಲ್ಲಿ ಸೂರ್ಯ ಇನ್ನೂ ಹುಟ್ಟಿಲ್ಲ. ನನ್ನ ಕೂಡಿಸುವ ಸಾಲು ಐದೂವರೆಗೇ ನಿಲ್ಲುವುದರಿಂದ ಹಾಳೆಯಲ್ಲೂ ವಹಿಯ ತಪ್ಪೇ ಉಳಿದಿತ್ತು. ಆ ಜಪಾನಿನ ಕಾರ್ಡನ್ನು ಕಟ್ಟಿನ ಎಲ್ಲಕ್ಕೂ ಮೇಲೆ ಇಟ್ಟೆ.

ವಿಚಾರಣೆಯ ದಿನ ಗಿರಣಿಯಿಂದ ಹಾಳೆ, ಕಾರ್ಡು ತೆಗೆದುಕೊಂಡು ಸೊಲ್ಲಾಪುರದಲ್ಲಿ ಹತ್ತಿದ ಅಕ್ಕಲಕೋಟದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಬಂದು ಕೂತವರು ಕುಲಕರ್ಣಿ ಸಾಹೇಬರು. ಬರುತ್ತೇನೆಂದು ಹೇಳಿರಲಿಲ್ಲ. ಕುಂಭಾರಿ ದಾಟುವಾಗ, "ನಿಮ್ಮೂರ ಇದಽ ಏನು?" ಎಂದರು.

ಮಾಳಿಗೆಯ ಮೇಲೆ, ಮುದ್ರೆ ಹೊಡೆದ ಯಂತ್ರದ ಎದುರು ಅಧಿಕಾರಿ ಕೂತಿದ್ದರು. ಅವರು ಮಾತಾಡಿದ್ದು ಹಿಂದಿಯಲ್ಲಿ, ನಾನು ಕನ್ನಡದಲ್ಲೇ ಬರೆಯುತ್ತೇನೆ. ಸಿಡುಕಿನವರಲ್ಲ, ಆದರೆ ತಮ್ಮ ಕಡತದ ಮೇಲೆ ನಂಬಿಕೆ ಇಟ್ಟವರು.

"ಕೈಬರಹ ಯಾವಾಗ ಬೇಕಾದರೂ ಬರೆಯಬಹುದು" ಎಂದರು, ವಹಿಯನ್ನು ಬೆರಳಿನಿಂದ ಬದಿಗೆ ಸರಿಸಿ. "ಇದು ಕಂಪ್ಯೂಟರ್ ಛಾಪಿಸಿದ ಹಾಳೆ. ಯಂತ್ರ ಸುಳ್ಳು ಹೇಳುವುದಿಲ್ಲ."

"ಯಂತ್ರ ಸುಳ್ಳೂ ಹೇಳುವುದಿಲ್ಲ, ಖರೆಯೂ ಹೇಳುವುದಿಲ್ಲ ಸಾಹೇಬರೇ" ಎಂದೆ. "ನಾವು ಹೇಳಿದ್ದನ್ನು ಹೇಳುತ್ತದೆ. ಇದರಲ್ಲಿ ತಪ್ಪು ಹೇಳಿದವಳು ನಾನು." ಪ್ರೋಗ್ರಾಮಿನ ಹಾಳೆ ಬಿಚ್ಚಿ ಆ ಸಾಲುಗಳ ಮೇಲೆ ಬೆರಳಿಟ್ಟು ತೋರಿಸಿದೆ. ಆಮೇಲೆ ಖಾತ್ರಿ ಕಾರ್ಡಿನ ಕಟ್ಟು ಮುಂದಿಟ್ಟೆ.

ಅವರು ಮೇಲಿನದನ್ನೇ ಎತ್ತಿದರು. ವಹಿ ನೋಡಿದರು, ಹಾಳೆ ನೋಡಿದರು. "ಇದು ಎರಡಕ್ಕೂ ಸರಿ ಇಲ್ಲವಲ್ಲ?"

"ಅದು ಶೇಟರ ತಪ್ಪು. ಉಳಿದವು ನನ್ನವು" ಎಂದು ಎರಡನ್ನೂ ಬಿಡಿಸಿ ಹೇಳಿದೆ. ಸೂರ್ಯ, ಜಳಕ, ಪೂಜೆ, ಐದೂವರೆ, ಐದೂ ನಲವತ್ತು. ಅಧಿಕಾರಿ ನಡುವಿನಿಂದ ತಮಗೆ ಬೇಕಾದ ಕಾರ್ಡು ಎಳೆದು ತಾವೇ ತಾಳೆ ನೋಡತೊಡಗಿದರು. ಒಂದು, ಎರಡು, ಆರು, ಹತ್ತು. ಕೊನೆಗೆ ಕಟ್ಟನ್ನು ಕೆಳಗಿಟ್ಟು, "ಆ ಜಪಾನಿನದನ್ನು ಮುಚ್ಚಿಡಬಹುದಿತ್ತಲ್ಲ? ನನಗೆ ಗೊತ್ತಾಗುತ್ತಿರಲಿಲ್ಲ" ಎಂದರು.

"ನನಗ ಗೊತ್ತಿತ್ತಲ್ರೀ" ಎಂದೆ, ಹಿಂದಿ ಮರೆತು ಕನ್ನಡದಲ್ಲೇ.

ಅವರು ಒಂದು ಬಿಳಿ ಹಾಳೆ ಕೊಟ್ಟು, ಹೇಳಿದ್ದನ್ನೆಲ್ಲ ಬರೆದು ಸಹಿ ಹಾಕಲು ಹೇಳಿದರು. ಬರೆದೆ. ಸಹಿ ಹಾಕಿದೆ. ಕೆಳಗೆ ಹುದ್ದೆ ಬರೆಯಬೇಕಿತ್ತು, "ಪಂ" ಎಂದು ಶುರು ಮಾಡಿದೆ. ಅಲ್ಲಿಯವರೆಗೆ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದ ಕುಲಕರ್ಣಿ ಸಾಹೇಬರು ಎದ್ದು ಬಂದರು. "ಅದನ್ನ ಹೊಡದ್ಹಾಕು. ಪಂಚ್ ಆಪರೇಟರಗ ಈ ತಪ್ಪ ಮಾಡಲಿಕ್ಕೆ ಬರಂಗಿಲ್ಲ. ಪ್ರೋಗ್ರಾಮರ್ ಅಂತ ಬರೀ."

ನನ್ನ ಕಣ್ಣು ಮಂಜಾಗಿ ಅಕ್ಷರ ಸೊಟ್ಟ ಬಂದವು. ಆಮೇಲಿನ ವರ್ಷಗಳಲ್ಲಿ ಎಷ್ಟೋ ಕಾಗದಗಳ ಮೇಲೆ, ದೊಡ್ಡ ದೊಡ್ಡ ಕೆಲಸಗಳ ಕೆಳಗೆ ಆ ಹುದ್ದೆ ಬರೆದಿದ್ದೇನೆ. ಮೊದಲ ಸಲ ಬರೆದದ್ದು ನನ್ನ ತಪ್ಪಿನ ಕೆಳಗೆ. ಹೊಸದಾಗಿ ಬರುವವರಿಗೆ ನಾನು ಹೇಳಬೇಕಾದ್ದು ಇಷ್ಟೇ, ಮಿಕ್ಕದ್ದನ್ನು ಯಂತ್ರಗಳು ನಿಮಗೆ ತಾವೇ ಕಲಿಸುತ್ತವೆ.

ಅಧಿಕಾರಿ ಕಡತ ಕಟ್ಟಿದರು. ವರದಿ ಮೇಲಿನವರಿಗೆ ಹೋಗುತ್ತದೆ, ಆದರೆ ಲೈಸೆನ್ಸಿಗೆ ಏನೂ ಆಗುವುದಿಲ್ಲ ಎಂದರು. ತಾವೇ ಚಾಕು ತೆಗೆದು ಯಂತ್ರದ ದಾರ ಕತ್ತರಿಸಿದರು. ಅರಗಿನ ಚೂರು ನೆಲದ ಮೇಲೆ ಬಿದ್ದವು. ಗಂಗಾಕಾಕು ಚಹಾ ತಂದವರು ತಟ್ಟೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತುಬಿಟ್ಟರು.

ಶೇಟರು ಚಹಾ ಮುಟ್ಟಲಿಲ್ಲ. ಟೋಪಿ ಸರಿ ಮಾಡಿಕೊಂಡು ಯಂತ್ರದ ಮುಂದೆ ಕೂತರು, ಕೀಲಿ ಬಡಿದರು, ಕಿವಿಗೊಟ್ಟು ಕಾದರು. ಹೈದರಾಬಾದಿನ ಕಡೆಯಿಂದ ಯಾರೋ ಓಗೊಟ್ಟರು. ಅವರು ವಹಿ ತೆರೆದು ಪೆನ್ಸಿಲ್ ಹಿಡಿದರು. ಮಧ್ಯಾಹ್ನ ಮೂರು ಗಂಟೆ, ಸೂರ್ಯ ನೆತ್ತಿ ದಾಟಿದ್ದ. ಗ್ರೀನಿಚ್ಚಿಗೂ ಅಕ್ಕಲಕೋಟಕ್ಕೂ ಆಗ ಒಂದೇ ದಿನ, ಸಣ್ಣ ಮಗುವಿಗೂ ಗೊತ್ತಿರುವ ತಾರೀಖು. ಆದರೂ ಅವರು ಅಧಿಕಾರಿಯನ್ನು ಬಿಟ್ಟು, ಸಾಹೇಬರನ್ನು ಬಿಟ್ಟು, ನನ್ನ ಕಡೆ ತಿರುಗಿದರು.

"ತಾರೀಖ ಎಷ್ಟ ಬರೀಲಿ, ಹೇಳವ್ವಾ."

ನಾನು ಹೇಳಿದೆ. ಅವರು ಬರೆದರು.